ಹಟಮಾರಿಗೊಂದು ಬೆಟ್ಟ

‘ಲಕ್ಷ್ಯ’ ಎಂಬ ಹಿಂದಿ ಚಿತ್ರವನ್ನು ಯುದ್ಧದ ಸಿನಿಮಾ ಎಂದು ಯಾರಾದರೂ ಕರೆದರೆ ನನಗೆ ಸ್ವಲ್ಪ ಕಿರಿಕಿರಿಯಾಗುತ್ತದೆ. ಹಾಗೆ ಕರೆಯುವುದು ಸುಳ್ಳೇನಲ್ಲ. ಅದರಲ್ಲಿ ಕಾರ್ಗಿಲ್ ಇದೆ, ಗುಂಡಿನ ಸದ್ದಿದೆ, ಕೊನೆಗೆ ಬೆಟ್ಟದ ತುದಿಯಲ್ಲಿ ಬಾವುಟವೂ ಇದೆ. ಆಗಸ್ಟ್ 15ಕ್ಕೋ ಕಾರ್ಗಿಲ್ ವಿಜಯ ದಿನವಾದ ಜುಲೈ 26ಕ್ಕೋ ನೆನಪಾಗುವ ಸಿನಿಮಾ ಅದು. ಚಾನೆಲ್ ತಿರುಗಿಸುತ್ತಾ ಹೋದವರು ಕೊನೆಯ ಮುಕ್ಕಾಲು ಗಂಟೆಗೆ ಬಂದು ಕೂರುತ್ತಾರೆ. ಸೈನಿಕರು ಹಗ್ಗ ಹಿಡಿದು ಬಂಡೆ ಹತ್ತುವುದನ್ನು ನೋಡುತ್ತಾರೆ, ಮೈ ಜುಮ್ಮೆನ್ನುತ್ತದೆ, ಎದ್ದು ಊಟಕ್ಕೆ ಹೋಗುತ್ತಾರೆ. ಹೀಗೆ ನೋಡಿದವರೇ ಜಾಸ್ತಿ ಅಂತ ನನ್ನ ಅಂದಾಜು. ಆದರೆ ಆ ಬಂಡೆಯ ಆಚೆ ಇನ್ನೂ ಎರಡು ಗಂಟೆಗೂ ಮೀರಿದ ಸಿನಿಮಾ ಇದೆ. ಅದು ಒಬ್ಬ ಸೋಮಾರಿ ಹುಡುಗನ ಕಥೆ. ನನಗೆ ಮುಖ್ಯ ಅನಿಸುವುದು ಆ ಹುಡುಗ.

ಚಿತ್ರ ಬಿಡುಗಡೆಯಾದದ್ದು 2004ರ ಜೂನ್ 18ರಂದು. ನಿರ್ದೇಶಕ ಫರ್ಹಾನ್ ಅಖ್ತರ್‌ಗೆ ಇದು ಎರಡನೇ ಸಿನಿಮಾ. ಬರೆದವರು ಅವರ ಅಪ್ಪ ಜಾವೇದ್ ಅಖ್ತರ್. ಹೃತಿಕ್ ರೋಷನ್, ಪ್ರೀತಿ ಜಿಂಟಾ, ಅಮಿತಾಭ್ ಬಚ್ಚನ್, ಓಂ ಪುರಿ, ಬೊಮನ್ ಇರಾನಿ, ಎಲ್ಲರೂ ಇದ್ದರು. ಶಂಕರ್-ಎಹಸಾನ್-ಲಾಯ್ ಸಂಗೀತವಿತ್ತು. ಇಷ್ಟೆಲ್ಲ ಇದ್ದೂ ಅಂದುಕೊಂಡಷ್ಟು ಓಡಲಿಲ್ಲ. ಕಾರಣ ಹುಡುಕುವುದು ಕಷ್ಟವೇನಲ್ಲ. ಫರ್ಹಾನ್ ಮೊದಲ ಚಿತ್ರದಲ್ಲಿ ಮೂವರು ಗೆಳೆಯರ ತಮಾಷೆ ತೋರಿಸಿದ್ದರು. ಜನ ಅಂಥದ್ದೇ ಇನ್ನೊಂದು ಸಿಗುತ್ತದೆ ಎಂದುಕೊಂಡು ಬಂದರು. ಕಾರ್ಗಿಲ್ ಬಗ್ಗೆಯೇ ನಾಲ್ಕು ಗಂಟೆ ಮೀರಿದ ಇನ್ನೊಂದು ಹಿಂದಿ ಸಿನಿಮಾ ಆರು ತಿಂಗಳ ಹಿಂದಷ್ಟೇ ಬಂದು ಹೋಗಿತ್ತು. ಅದೂ ಅಲ್ಲದೆ ಆ ವರ್ಷದ ಗಾಳಿಯೇ ಬೇರೆ. 2003ರ ನವೆಂಬರ್‌ನಲ್ಲಿ ಗಡಿಯಲ್ಲಿ ಕದನ ವಿರಾಮ ಆಗಿತ್ತು. ಮಾರ್ಚ್-ಏಪ್ರಿಲ್‌ನಲ್ಲಿ ನಮ್ಮ ಕ್ರಿಕೆಟ್ ತಂಡ ಪಾಕಿಸ್ತಾನಕ್ಕೆ ಹೋಗಿ ಬಂದಿತ್ತು. ರಾವಲ್ಪಿಂಡಿಯಲ್ಲಿ ನಮ್ಮ ದ್ರಾವಿಡ್ 270 ಹೊಡೆದದ್ದು ಆ ಪ್ರವಾಸದಲ್ಲೇ. ಆಗ ಜನರಿಗೆ ಯುದ್ಧ ಬೇಡವಾಗಿತ್ತು. ಯುದ್ಧ ಬೇಕೆಂದು ಬಂದವರಿಗೋ, ಇದರಲ್ಲಿ ಯುದ್ಧ ಬರುವುದಕ್ಕೆ ತುಂಬಾ ಹೊತ್ತು ಕಾಯಬೇಕಿತ್ತು.

ಹುಡುಗನ ಹೆಸರು ಕರಣ್ ಶೇರ್ಗಿಲ್. ದೆಹಲಿಯ ಅನುಕೂಲಸ್ಥರ ಮನೆ. ಅಪ್ಪನಿಗೆ ವ್ಯಾಪಾರ. ಇವನಿಗೆ ಯಾವುದಕ್ಕೂ ಕೊರತೆ ಇಲ್ಲ, ಆದ್ದರಿಂದ ಯಾವುದೂ ಬೇಕಿಲ್ಲ. ಡಿಗ್ರಿ ಮುಗಿಯುತ್ತಾ ಬಂದಿದೆ, ಮುಂದೇನು ಅಂತ ಕೇಳಿದರೆ ನಗುತ್ತಾನೆ. ಕೆಟ್ಟವನಲ್ಲ. ಕುಡಿದು ಬೀಳುವವನಲ್ಲ, ಯಾರಿಗೂ ಮೋಸ ಮಾಡುವವನಲ್ಲ. ಸುಮ್ನೆ ಇದ್ದಾನೆ, ಅಷ್ಟೆ. ಹಿಂದಿ ಸಿನಿಮಾದಲ್ಲಿ ದಾರಿ ತಪ್ಪಿದ ನಾಯಕರು ಬೇಕಾದಷ್ಟು ಜನ ಇದ್ದಾರೆ. ದಾರಿಯನ್ನೇ ಹಿಡಿಯದ ನಾಯಕ ಅಪರೂಪ. ಅವನನ್ನು ನೋಡಿದರೆ ಸಿಟ್ಟೂ ಬರುವುದಿಲ್ಲ, ಕರುಣೆಯೂ ಬರುವುದಿಲ್ಲ. ಇಂಥವನನ್ನು ನಾಯಕ ಮಾಡುವುದಕ್ಕೆ ಧೈರ್ಯ ಬೇಕು.

‘ನಾನೇಕೆ ಹೀಗೆ’ ಅಂತ ತನ್ನನ್ನೇ ಕೇಳಿಕೊಳ್ಳುವ ಒಂದು ಹಾಡು ಅವನಿಗಿದೆ. ಕೈಕಾಲಿನಲ್ಲಿ ಮೂಳೆಯೇ ಇಲ್ಲವೇನೋ ಎನ್ನುವಂಥ ಕುಣಿತ. ನೃತ್ಯ ಸಂಯೋಜಿಸಿದವರು ಪ್ರಭುದೇವ. ಮೈಸೂರಿನಲ್ಲಿ ಹುಟ್ಟಿದವರು, ಮೂಗೂರು ಸುಂದರ್ ಅವರ ಮಗ. ಈ ಹಾಡಿಗೇ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು. ನನಗೆ ಆ ಕುಣಿತದಲ್ಲಿ ಇಷ್ಟವಾಗುವುದು ಅದರ ಸಡಿಲತನ. ದೇಹ ಎಲ್ಲ ಕಡೆಗೂ ಎಳೆದಾಡುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಆಮೇಲೆ ಇದೇ ದೇಹ ಪರೇಡ್ ಮೈದಾನದಲ್ಲಿ ಸಾವಧಾನ್ ನಿಲ್ಲುವುದನ್ನು ನೋಡುತ್ತೇವೆ. ಮಾತಿಲ್ಲದೆ ಅರ್ಧ ಕಥೆ ಅಲ್ಲೇ ಆಗಿಬಿಡುತ್ತದೆ.

ಇವನು ಸೇನೆ ಸೇರುವುದು ದೇಶಪ್ರೇಮದಿಂದಲ್ಲ. ಗೆಳೆಯ ಸಾಕೇತ್ ಸೇನೆಗೆ ಅರ್ಜಿ ಹಾಕುತ್ತೇನೆ ಅನ್ನುತ್ತಾನೆ, ಇವನೂ ಹಾಕುತ್ತಾನೆ. ಮುಂದೇನು ಎಂದು ಕೇಳಿದವರಿಗೆ ಕೊಡಲು ಕೊನೆಗೂ ಒಂದು ಉತ್ತರ ಸಿಕ್ಕಿತು ಅಂತ ಖುಷಿ. ಆಮೇಲೆ ಸಾಕೇತ್ ಜಾರಿಕೊಳ್ಳುತ್ತಾನೆ. ಮನೆಯಲ್ಲಿ ಬೇಡ ಅನ್ನುತ್ತಾರೆ, ನಿನ್ನ ಕೈಲಾಗದು ಅನ್ನುತ್ತಾರೆ. ಆಗ ಹಟ ಹಿಡಿಯುತ್ತಾನೆ. ಬೇಡ ಎಂದಿದ್ದಕ್ಕೇ ಹೋಗುತ್ತಾನೆ. ಈ ಹಟವನ್ನು ನೆನಪಿಟ್ಟುಕೊಳ್ಳಿ. ಇಡೀ ಸಿನಿಮಾ ನಿಂತಿರುವುದು ಇದರ ಮೇಲೆಯೇ ಅಂತ ನನ್ನ ವಾದ.

ಸೇನೆಗೆ ಅಧಿಕಾರಿಯಾಗಿ ಸೇರುವುದು ಸಿನಿಮಾದಲ್ಲಿ ಕಂಡಷ್ಟು ಸಲೀಸಲ್ಲ. ಯುಪಿಎಸ್‌ಸಿ ನಡೆಸುವ ಸಿಡಿಎಸ್ ಪರೀಕ್ಷೆ ಪಾಸಾಗಬೇಕು. ಆಮೇಲೆ ಎಸ್‌ಎಸ್‌ಬಿ. ಐದು ದಿನದ ಸಂದರ್ಶನ ಅದು. ಬೆಂಗಳೂರಿನಲ್ಲೂ ಒಂದು ಆಯ್ಕೆ ಕೇಂದ್ರವಿದೆ. ನನ್ನ ಚಿಕ್ಕಪ್ಪನ ಮಗ ಅಲ್ಲಿಗೆ ಹೋಗಿ ಬಂದವನು. ಕೊನೆಯ ದಿನದವರೆಗೂ ಉಳಿದು, ಪರೀಕ್ಷಕರೆಲ್ಲ ಸೇರಿ ತೀರ್ಮಾನಿಸುವ ಕಾನ್ಫರೆನ್ಸ್‌ನಲ್ಲಿ ಹೊರಬಿದ್ದ. 15 ಸೆಕೆಂಡಿಗೆ ಒಂದರಂತೆ 60 ಪದ ತೋರಿಸುತ್ತಾರಂತೆ. ನೋಡಿದ ತಕ್ಷಣ ಹೊಳೆದದ್ದನ್ನು ಒಂದು ವಾಕ್ಯದಲ್ಲಿ ಬರೆಯಬೇಕು. ಅವನಿಗೆ ಅದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಇನ್ನೊಂದು.

“ಅಣ್ಣ, ಒಂದು ಹಾಳೆ ಕೊಡ್ತಾರೆ. ಅಪ್ಪ ಅಮ್ಮ ನಿನ್ನ ಬಗ್ಗೆ ಏನಂದ್ಕೊಂಡಿದಾರೆ, ಮೇಷ್ಟ್ರುಗಳು ಏನಂದ್ಕೊಂಡಿದಾರೆ, ಫ್ರೆಂಡ್ಸ್ ಏನಂದ್ಕೊಂಡಿದಾರೆ, ನೀನು ಏನಂದ್ಕೊಂಡಿದೀಯ, ಎಲ್ಲ ಬರಿ ಅಂತಾರೆ. ಹದಿನೈದೇ ನಿಮಿಷ. ಅಪ್ಪಂದು ಬರೆಯೋವಾಗಲೇ ಕೈ ನಿಂತುಹೋಯ್ತು.”

ನನಗೆ ಅದನ್ನು ಕೇಳಿದಾಗ ನೆನಪಾದದ್ದು ಕರಣ್. ಆ ಹಾಳೆಯಲ್ಲಿ ಅವನು ಏನು ಬರೆದಿರಬಹುದು? ಅಪ್ಪನ ಸಾಲಿನಲ್ಲಿ ನಿಜ ಬರೆದಿದ್ದರೆ ಆಯ್ಕೆ ಆಗುತ್ತಿರಲಿಲ್ಲ. ಸಿನಿಮಾ ಈ ಭಾಗವನ್ನು ಬೇಗ ದಾಟಿಸಿಬಿಡುತ್ತದೆ. ಅದು ನನಗೊಂದು ಕೊರಗು.

ಆಯ್ಕೆಯಾದವನು ಹೋಗುವುದು ಡೆಹ್ರಾಡೂನ್‌ನ ಐಎಂಎಗೆ. ಇಂಡಿಯನ್ ಮಿಲಿಟರಿ ಅಕಾಡೆಮಿ ಶುರುವಾದದ್ದು 1932ರಲ್ಲಿ, 40 ಕೆಡೆಟ್‌ಗಳೊಂದಿಗೆ. ಮುಂದೆ ಫೀಲ್ಡ್ ಮಾರ್ಷಲ್ ಆದ ಮಾಣೆಕ್‌ಶಾ ಆ ಮೊದಲ ತಂಡದಲ್ಲಿದ್ದವರು. ಡಿಗ್ರಿ ಮುಗಿಸಿ ನೇರವಾಗಿ ಬಂದವರಿಗೆ ಅಲ್ಲಿ ಒಂದೂವರೆ ವರ್ಷದ ತರಬೇತಿ. ಫರ್ಹಾನ್ ನಿಜವಾದ ಅಕಾಡೆಮಿಯಲ್ಲೇ ಚಿತ್ರೀಕರಣ ಮಾಡಿದರು. ಆ ಕೆಂಪು ಕಟ್ಟಡ, ಆ ಮೈದಾನ, ಹಿಂದೆ ಮಸ್ಸೂರಿಯ ಬೆಟ್ಟಸಾಲು, ಎಲ್ಲವೂ ಅಸಲಿ. ಕೆಡೆಟ್‌ಗಳು ಬಾಯಿಬಿಟ್ಟು ಹೇಳುವ ‘ರಗಡಾ’ ಕೂಡ ಅಸಲಿಯೇ. ರಗಡಾ ಅಂದರೆ ಶಿಕ್ಷೆ. ಉರುಳು, ತೆವಳು, ಓಡು, ಮತ್ತೆ ಉರುಳು. ಏನು ತಪ್ಪು ಮಾಡಿದೆ ಅಂತ ಕೇಳುವುದೇ ಇನ್ನೊಂದು ತಪ್ಪು.

ಕರಣ್‌ಗೆ ಇದೆಲ್ಲ ಮೊದಮೊದಲು ತಮಾಷೆ. ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಹೇಳಿದ್ದು ಕಿವಿಗೆ ಹೋಗುವುದಿಲ್ಲ. ಆಮೇಲೆ ತಮಾಷೆ ಹೋಗಿ ಅವಮಾನ ಬರುತ್ತದೆ. ಎಲ್ಲರ ಎದುರು ಶಿಕ್ಷೆಯಾಗುತ್ತದೆ. ಒಂದು ದಿನ ಗಂಟು ಮೂಟೆ ಕಟ್ಟಿ ಓಡಿಬಿಡುತ್ತಾನೆ.

ಇಲ್ಲಿಂದ ಮುಂದಿನ ಸ್ವಲ್ಪ ಹೊತ್ತು ಇಡೀ ಚಿತ್ರದಲ್ಲೇ ಅತ್ಯುತ್ತಮವಾದದ್ದು. ಒಂದು ಗುಂಡೂ ಹಾರುವುದಿಲ್ಲ. ಹುಡುಗ ಮನೆಗೆ ಬಂದಿದ್ದಾನೆ. ಯಾರೂ ಬೈಯುವುದಿಲ್ಲ. ಅಪ್ಪನಿಗೆ ಇದು ಗೊತ್ತೇ ಇತ್ತು, ಅಷ್ಟೇ. ಬೈಗುಳಕ್ಕಿಂತ ಕೆಟ್ಟದ್ದು ಅದು. ಬೈಯುವ ಅಪ್ಪನಿಗೆ ಮಗನ ಮೇಲೆ ಇನ್ನೂ ಆಸೆ ಇರುತ್ತದೆ. ಬೈಯದೆ ಸುಮ್ಮನಾದವನು ಆಸೆ ಬಿಟ್ಟಿದ್ದಾನೆ ಅಂತಲೇ ಅರ್ಥ. ಬೊಮನ್ ಇರಾನಿ ಈ ಅಪ್ಪನನ್ನು ಖಳನಾಯಕ ಮಾಡದೆ ಆಡಿದ್ದಾರೆ. ಮಗನ ಸೋಲಿನಿಂದ ಅವನಿಗೆ ಸಂತೋಷವೇನೂ ಆಗಿಲ್ಲ. ತನ್ನ ಅಂದಾಜು ಸರಿಯಾಯಿತಲ್ಲ ಎಂಬ ಒಂದು ದಣಿದ ನೆಮ್ಮದಿ ಮಾತ್ರ. ನಮ್ಮ ಮನೆಗಳಲ್ಲೂ ಇಂಥ ಅಪ್ಪಂದಿರಿದ್ದಾರೆ ಅಲ್ವಾ?

ಆಮೇಲೆ ರೋಮಿಲಾ. ಕಾಲೇಜಿನಲ್ಲಿ ಪ್ರತಿಭಟನೆ, ಚಳವಳಿ ಅಂತ ಓಡಾಡುತ್ತಿದ್ದ ಹುಡುಗಿ. ಕರಣ್‌ನನ್ನು ಪ್ರೀತಿಸಿದವಳು. ಅವಳು ಅಳುವುದಿಲ್ಲ, ಕೂಗಾಡುವುದಿಲ್ಲ. ನೀನೇ ತೆಗೆದುಕೊಂಡ ತೀರ್ಮಾನದಲ್ಲಿ ನಿಲ್ಲಲು ಆಗದವನು, ನಮ್ಮಿಬ್ಬರ ತೀರ್ಮಾನದಲ್ಲಿ ಹೇಗೆ ನಿಲ್ಲುತ್ತೀಯ ಎನ್ನುವುದು ಅವಳ ಪ್ರಶ್ನೆ. ಸಂಬಂಧ ಮುರಿಯುತ್ತದೆ. ಪ್ರೇಯಸಿ ಬಿಟ್ಟುಹೋಗಲು ಸಿನಿಮಾಗಳಲ್ಲಿ ಸಾಮಾನ್ಯವಾಗಿ ಒಂದು ತಪ್ಪು ತಿಳುವಳಿಕೆ ಬೇಕು, ಇಲ್ಲವೇ ಒಬ್ಬ ವಿಲನ್ ಬೇಕು. ಇಲ್ಲಿ ಎರಡೂ ಇಲ್ಲ. ಅವಳು ಸರಿಯಾಗಿಯೇ ತಿಳಿದುಕೊಂಡಿದ್ದಾಳೆ.

ಹುಡುಗ ವಾಪಸ್ ಡೆಹ್ರಾಡೂನ್‌ಗೆ ಹೋಗುತ್ತಾನೆ. ಓಡಿಹೋದದ್ದಕ್ಕೆ ಶಿಕ್ಷೆ ಕಾದಿದೆ, ಅದನ್ನು ತಲೆಬಾಗಿ ತೆಗೆದುಕೊಳ್ಳುತ್ತಾನೆ. ನನ್ನ ಪ್ರಕಾರ ಸಿನಿಮಾದ ನಿಜವಾದ ಕ್ಲೈಮ್ಯಾಕ್ಸ್ ಇದೇ. ಬಂಡೆ ಹತ್ತುವಾಗ ಪಕ್ಕದಲ್ಲಿ ತಂಡವಿರುತ್ತದೆ, ಹಿಂದೆ ಇಡೀ ಪಲ್ಟನ್ ಇರುತ್ತದೆ, ಹತ್ತಿದರೆ ದೇಶವೇ ಹೊಗಳುತ್ತದೆ. ಓಡಿಹೋದ ಗೇಟಿಗೆ ಮರಳಿ ಬಂದು ನಿಲ್ಲುವಾಗ ಯಾರೂ ಇರುವುದಿಲ್ಲ. ಹೊಗಳುವವರಂತೂ ಇಲ್ಲವೇ ಇಲ್ಲ. ಎಲ್ಲರಿಗೂ ನೀನು ಓಡಿಹೋದವನು ಅಂತ ಗೊತ್ತು. ಅಲ್ಲಿ ಮತ್ತೆ ಊಟದ ಮೇಜಿನಲ್ಲಿ ಕೂರಬೇಕು, ಮತ್ತೆ ಸಾಲಿನಲ್ಲಿ ನಿಲ್ಲಬೇಕು.

ಅವನು ಯಾಕೆ ಮರಳಿದ? ಹುಡುಗಿಗಾಗಿಯೇ? ಅಪ್ಪನ ಮಾತಿಗಾಗಿಯೇ? ನಾಚಿಕೆಗೇ? ಚಿತ್ರ ಹೇಳುವುದಿಲ್ಲ. ಲಕ್ಷ್ಯ ಅಂದರೆ ಇಲ್ಲಿ ಗುರಿ; ಯಾವ ಗಳಿಗೆಯಲ್ಲಿ ಸೇನೆ ಅವನ ಗುರಿಯಾಯಿತು ಎನ್ನುವುದನ್ನೂ ಬೊಟ್ಟು ಮಾಡಿ ತೋರಿಸುವುದಿಲ್ಲ. ಶೀರ್ಷಿಕೆ ಗೀತೆ ಶುರುವಾಗುತ್ತದೆ, ತರಬೇತಿಯ ದೃಶ್ಯಗಳು ಒಂದರ ಹಿಂದೊಂದು ಬರುತ್ತವೆ. ಓಡುತ್ತಾನೆ, ಬೀಳುತ್ತಾನೆ, ಹತ್ತುತ್ತಾನೆ, ಗುರಿ ಇಡುತ್ತಾನೆ. ಹಾಡು ಮುಗಿಯುವ ಹೊತ್ತಿಗೆ ಅವನು ಬೇರೆ ಥರ ನಿಂತಿದ್ದಾನೆ. ಮೊದಲು ಗುರಿ ಹೊಳೆದು, ಆಮೇಲೆ ಅದಕ್ಕಾಗಿ ದುಡಿಯುವುದು ಅಂತ ನಮಗೆಲ್ಲ ಹೇಳಿಕೊಟ್ಟಿದ್ದಾರೆ. ಕರಣ್ ವಿಷಯದಲ್ಲಿ ಉಲ್ಟಾ. ದಿನಾ ಬೆಳಗ್ಗೆ ಎದ್ದು ಓಡಿದ, ಓಡುತ್ತಾ ಓಡುತ್ತಾ ಯಾವಾಗಲೋ ಅದು ಅವನದಾಯಿತು.

ನಮ್ಮ ಕಡೆ ಸೈನಿಕ ಅಂದರೆ ಮೊದಲು ನೆನಪಾಗುವುದು ಕೊಡಗು. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನಾಡು. ಅಲ್ಲಿ ಸೇನೆ ಮನೆಮಾತು. ಅಜ್ಜನ ಪದಕ ಗೋಡೆಯ ಮೇಲಿರುತ್ತದೆ, ಮೊಮ್ಮಗನಿಗೆ ದಾರಿ ಕೇಳಬೇಕಾಗಿಲ್ಲ. ಕರಣ್ ಮಾತ್ರ ಬೆಂಗಳೂರಿನ ಯಾವ ಬಡಾವಣೆಯಲ್ಲಿ ಬೇಕಾದರೂ ಸಿಗುವ ಹುಡುಗ. ಮನೆಯಲ್ಲಿ ಯಾರೂ ಸಮವಸ್ತ್ರ ತೊಟ್ಟವರಿಲ್ಲ. ಎಂಜಿನಿಯರಿಂಗ್ ಸೀಟು, ಎಂಬಿಎ, ಇಲ್ಲದಿದ್ದರೆ ಅಪ್ಪನ ಅಂಗಡಿ. ಮೂರನ್ನು ಬಿಟ್ಟು ನಾಲ್ಕನೆಯದಕ್ಕೆ ಕಾಲಿಟ್ಟರೆ ಮನೆಯವರು ಕೇಳುವುದು ಒಂದೇ ಪ್ರಶ್ನೆ, ಯಾಕೆ? ಅದಕ್ಕೆ ಇವನ ಹತ್ತಿರ ಉತ್ತರವಿಲ್ಲ.

ಕೊಡಗಿನ ಮಾತು ಬಂತು, ಒಂದು ಸಣ್ಣ ಸುತ್ತು ಹಾಕಿ ಬರುತ್ತೇನೆ. 1999ರಲ್ಲಿ ಶತ್ರು ಬೆಟ್ಟದ ಮೇಲೆ ಕೂತು ಗುಂಡು ಹಾರಿಸಿದ್ದು ಶ್ರೀನಗರ-ಲೇಹ್ ಹೆದ್ದಾರಿಯ ಮೇಲೆ. ಅದೇ ದಾರಿ 1948ರಲ್ಲಿ ಕೈತಪ್ಪಿಯೇ ಹೋಗಿತ್ತು. ಆಗ ಜೋಜಿ ಲಾ ಕಣಿವೆಯನ್ನು ಬಿಡಿಸಿಕೊಂಡವರು ಮಡಿಕೇರಿಯ ತಿಮ್ಮಯ್ಯ. ನವೆಂಬರ್ 1ರಂದು, 11,000 ಅಡಿಗೂ ಎತ್ತರದಲ್ಲಿ, ಹಿಮದ ನಡುವೆ ಸ್ಟುವರ್ಟ್ ಟ್ಯಾಂಕ್‌ಗಳನ್ನು ನುಗ್ಗಿಸಿದರು. ಅಲ್ಲಿಗೆ ಟ್ಯಾಂಕ್ ಬರುತ್ತದೆ ಅಂತ ಎದುರಿನವರು ಕನಸಿನಲ್ಲೂ ಎಣಿಸಿರಲಿಲ್ಲ. ಅದೇ ತಿಂಗಳು ದ್ರಾಸ್, ಕಾರ್ಗಿಲ್ ಎರಡೂ ಮರಳಿ ಸಿಕ್ಕವು. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ ಈಗ ಮ್ಯೂಸಿಯಂ ಆಗಿದೆ. ರಾಜಾಸೀಟ್ ನೋಡಲು ಹೋದವರು ಅಲ್ಲಿಗೂ ಒಂದು ಸಲ ಹೋಗಿ ಬನ್ನಿ.

ಎದುರಿನವರು ಎಣಿಸದ ದಾರಿಯಲ್ಲಿ ಹೋಗುವುದೇ ಈ ಸಿನಿಮಾದ ಕೊನೆಯ ಭಾಗ ಕೂಡ. ಪಾಯಿಂಟ್ 5179 ಎಂಬ ಕಾಲ್ಪನಿಕ ಶಿಖರ. ಮುಂದಿನಿಂದ ಹತ್ತಿದರೆ ಮೇಲೆ ಕೂತವರಿಗೆ ಎಲ್ಲ ಕಾಣುತ್ತದೆ. ಹಿಂದೆ ಕಡಿದಾದ ಬಂಡೆ. ಅಲ್ಲಿಂದ ಯಾರೂ ಬರಲಾರರು ಅಂತ ಅಲ್ಲಿ ಕಾವಲು ಕಡಿಮೆ. ಒಂದು ಸಣ್ಣ ತಂಡ ಆ ಕಡೆಯಿಂದ ಹೋಗಬೇಕು. ಕಾರ್ಗಿಲ್‌ನಲ್ಲಿ ಇಂಥದ್ದು ನಿಜವಾಗಿಯೂ ನಡೆದಿದೆ. ಜುಲೈ 3ರ ರಾತ್ರಿ 18 ಗ್ರೆನೇಡಿಯರ್ಸ್ ಪಲ್ಟನ್‌ನ ಘಾತಕ್ ತಂಡ, ಅಂದರೆ ಮುನ್ನುಗ್ಗಿ ದಾಳಿ ಮಾಡುವ ಸಣ್ಣ ತಂಡ, ಟೈಗರ್ ಹಿಲ್‌ನ ಕಡಿದಾದ ಮುಖವನ್ನು ಹಗ್ಗ ಕಟ್ಟಿ ಹತ್ತಿತು. ಆ ತಂಡದ ಯೋಗೇಂದ್ರ ಸಿಂಗ್ ಯಾದವ್ ಹಲವು ಗುಂಡು ತಿಂದೂ ಬದುಕಿ ಪರಮವೀರ ಚಕ್ರ ಪಡೆದರು. ಆಗ ಅವರಿಗೆ 19 ವರ್ಷ. ಆ ಯುದ್ಧದಲ್ಲಿ ನಮ್ಮ 527 ಸೈನಿಕರು ಸತ್ತರು. ಹತ್ತೊಂಬತ್ತರ ಹುಡುಗನ ಎದುರು ಕರಣ್‌ನ ಕಥೆ ಸ್ವಲ್ಪ ಸಣ್ಣದಾಗಿ ಕಾಣುವುದು ಸಹಜ. ಯೋಗೇಂದ್ರ ಸೈನಿಕನ ಮಗ. ನಾನೇಕೆ ಹೀಗೆ ಅಂತ ಕೇಳಿಕೊಳ್ಳುತ್ತಾ ಕೂರುವ ಪುರುಸೊತ್ತು ಅಂಥ ಹಳ್ಳಿ ಹುಡುಗರಿಗೆ ಎಲ್ಲಿತ್ತು? ತನ್ನನ್ನು ತಾನು ಹುಡುಕಿಕೊಳ್ಳುವುದು ಉಳ್ಳವರ ಮನೆಯ ಸಮಸ್ಯೆ ಎಂದು ಯಾರಾದರೂ ಅಂದರೆ ನಾನು ಜಗಳಕ್ಕೆ ಹೋಗುವುದಿಲ್ಲ.

ಇನ್ನೊಂದು ಅನುಮಾನವೂ ನನ್ನನ್ನು ಕಾಡಿದೆ. ಕೂದಲು ಕತ್ತರಿಸಿ, ಒಂದೇ ಬಟ್ಟೆ ತೊಡಿಸಿ, ಒಂದೇ ಹೆಜ್ಜೆಯಲ್ಲಿ ನಡೆಸುವ ಕಡೆ ಒಬ್ಬ ಹುಡುಗ ತನ್ನನ್ನು ಕಂಡುಕೊಂಡ ಅನ್ನುವುದು ಹೇಗೆ? ಅವನನ್ನು ಅಳಿಸಿ ಇನ್ನೊಬ್ಬನನ್ನು ಬರೆದರು ಅನ್ನಬಹುದಲ್ಲ? ಸೇನೆಯ ತರಬೇತಿಯನ್ನು ಹಾಗೆಯೇ ನೋಡುವ ಸಿನಿಮಾಗಳು ಬೇರೆ ದೇಶಗಳಲ್ಲಿ ಬಂದಿವೆ, ಮತ್ತು ಅವು ಸುಳ್ಳು ಹೇಳುತ್ತಿಲ್ಲ.

ಆದರೆ ಕರಣ್‌ನಲ್ಲಿ ಒಂದು ಅಳಿಸಿಹೋಗಿಲ್ಲ, ಆ ಹಟ. ಅಪ್ಪ ಬೇಡ ಎಂದಿದ್ದಕ್ಕೆ ಡೆಹ್ರಾಡೂನ್‌ಗೆ ಹೋದ ಅದೇ ಹಟ, ಅದೇ ಮೂರ್ಖ ಹಟ. ಬಂಡೆಯ ದಾರಿಯಲ್ಲಿ ತಂಡದ ಎಷ್ಟೋ ಜನ ಸತ್ತ ಮೇಲೆ ಬುದ್ಧಿವಂತನಾದವನು ಹಿಂದಿರುಗುತ್ತಾನೆ. ಇವನು ಮುಂದೆ ಹೋಗೋಣ ಅನ್ನುತ್ತಾನೆ. ಮನೆಯಲ್ಲಿ ಕೂತಿದ್ದಾಗ ಇದೇ ಗುಣ ಅಪ್ಪನ ತಲೆನೋವಾಗಿತ್ತು. ಹೃತಿಕ್‌ನ ಕಣ್ಣಲ್ಲಿ ಆ ಹಳೆಯ ಉಡಾಫೆ ಹುಡುಗ ಕೊನೆಯವರೆಗೂ ಇದ್ದಾನೆ. ಅದಕ್ಕೇ ನನಗೆ ಈ ಪಾತ್ರ ನಂಬಿಕೆ ಹುಟ್ಟಿಸುತ್ತದೆ. ಸೋಮಾರಿ ಸತ್ತು ವೀರ ಹುಟ್ಟಿದ ಎಂಬ ಕಥೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ.

ಓಂ ಪುರಿ ಬಗ್ಗೆ ಹೇಳದೆ ಹೋದರೆ ಅನ್ಯಾಯ. ಸುಬೇದಾರ್ ಮೇಜರ್ ಪ್ರೀತಂ ಸಿಂಗ್ ಪಾತ್ರ. ವಯಸ್ಸಿನಲ್ಲಿ ಕರಣ್‌ನ ಅಪ್ಪನಷ್ಟು ದೊಡ್ಡವರು. ಆದರೂ ಇವನಿಗೆ ಸೆಲ್ಯೂಟ್ ಹೊಡೆಯುತ್ತಾರೆ, ಸಾಹೇಬ್ ಅನ್ನುತ್ತಾರೆ, ಹಾಗೆ ಅನ್ನುತ್ತಲೇ ಪಾಠ ಹೇಳುತ್ತಾರೆ. ಸೇನೆಯಲ್ಲಿ ಇದು ನಿಜವಾದ ಸಂಬಂಧ. ಹೊಸದಾಗಿ ಬಂದ ಅಧಿಕಾರಿಯನ್ನು ನಿಜವಾಗಿ ತಯಾರು ಮಾಡುವವರು ಸುಬೇದಾರ್‌ರಂಥ ಈ ಜೆಸಿಓಗಳೇ, ಅಂದರೆ ಕಿರಿಯ ಶ್ರೇಣಿಯ ಅಧಿಕಾರಿಗಳೇ. ಗೌರವ ಮತ್ತು ವಾತ್ಸಲ್ಯ ಎರಡನ್ನೂ ಒಂದೇ ಮುಖದಲ್ಲಿ ಇಟ್ಟುಕೊಳ್ಳುವುದು ಓಂ ಪುರಿಗೆ ಎಷ್ಟು ಸಲೀಸು! ಅಮಿತಾಭ್ ಅವರ ಕರ್ನಲ್ ದಾಮ್ಲೆ ಕೂಡ ಅಬ್ಬರವಿಲ್ಲದ ಪಾತ್ರ. ಅವರು ಇನ್ನೂ ಕಡಿಮೆ ಮಾತಾಡಿದ್ದರೂ ನಡೆಯುತ್ತಿತ್ತು.

ಕೊನೆಯ ಕಾರ್ಯಾಚರಣೆಗೆ ಮೊದಲು ಕರಣ್ ಮನೆಗೆ ಫೋನ್ ಮಾಡುತ್ತಾನೆ. ಅಪ್ಪ ಎತ್ತಿಕೊಳ್ಳುತ್ತಾನೆ. ಇಬ್ಬರಿಗೂ ಈ ಥರ ಮಾತಾಡಿ ರೂಢಿಯೇ ಇಲ್ಲ. ಮಗ ಕ್ಷಮೆ ಕೇಳುವ ದಾರಿ ಹುಡುಕುತ್ತಾನೆ, ಅಪ್ಪ ಹೆಮ್ಮೆ ಹೇಳಿಕೊಳ್ಳುವ ದಾರಿ ಹುಡುಕುತ್ತಾನೆ. ಎಸ್‌ಎಸ್‌ಬಿಯ ಆ ಹಾಳೆಯ ಮೊದಲ ಸಾಲು ಇಲ್ಲಿ ತುಂಬುತ್ತದೆ. ಕಾರ್ಗಿಲ್ ಗೆದ್ದದ್ದಕ್ಕಿಂತ ದೊಡ್ಡ ಗೆಲುವು ಇದು ಅಂತ ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ಈ ಸಿನಿಮಾದ ಮಟ್ಟಿಗೆ ನಾನು ಹಾಗೇ ಹೇಳುತ್ತೇನೆ.

ದೂರುಗಳೂ ಇವೆ. ಮೂರು ಗಂಟೆ ಮೀರುವ ಸಿನಿಮಾ ಇದು, ಅರ್ಧ ಗಂಟೆ ಕತ್ತರಿಸಬಹುದಿತ್ತು. ರೋಮಿಲಾ ಟಿವಿ ವರದಿಗಾರ್ತಿಯಾಗಿ ಯುದ್ಧಭೂಮಿಗೆ ಬರುವುದು ಒಪ್ಪುವಂಥದ್ದೇ. ನಮ್ಮ ದೇಶದ ಯುದ್ಧಗಳಲ್ಲಿ ಮನೆಯ ಟಿವಿಗೆ ಬಂದ ಮೊದಲನೆಯದು ಕಾರ್ಗಿಲ್. ಆದರೆ ಅವಳ ಬಾಯಲ್ಲಿ ಭಾಷಣ ಹಾಕಿದ ಕಡೆ ಪಾತ್ರ ಸೊರಗುತ್ತದೆ. ಗಡಿಯಾಚೆಯವರನ್ನು ತೋರಿಸುವಾಗಲೂ ಬರವಣಿಗೆಯ ನಯ ಕಡಿಮೆಯಾಗುತ್ತದೆ. ಛಾಯಾಗ್ರಾಹಕ ಕ್ರಿಸ್ಟೋಫರ್ ಪಾಪ್ ತೆಗೆದ ಲಡಾಖ್ ಮಾತ್ರ ಇವತ್ತಿಗೂ ಹಳತಾಗಿಲ್ಲ.

ಇಪ್ಪತ್ತು ವರ್ಷ ತುಂಬಿದಾಗ, 2024ರ ಜೂನ್‌ನಲ್ಲಿ, ಚಿತ್ರ ಮತ್ತೆ ಥಿಯೇಟರ್‌ಗೆ ಬಂತು. ಅಷ್ಟರಲ್ಲಿ ಸೇನೆ ಸೇರಲು ಓದುವ ಹುಡುಗರ ನಡುವೆ ಅದಕ್ಕೆ ಬೇರೆಯದೇ ಒಂದು ಬದುಕು ಸಿಕ್ಕಿತ್ತು. ಚಿಕ್ಕಪ್ಪನ ಮಗನ ಕೋಚಿಂಗ್ ಕ್ಲಾಸಿನಲ್ಲಿ ಅದನ್ನು ನೋಡದವರೇ ಇರಲಿಲ್ಲವಂತೆ. ಅವನ ಹತ್ತಿರ ನನ್ನ ಗೇಟಿನ ವಾದವನ್ನೆಲ್ಲ ಹೇಳಿದೆ. ಕೊನೆಯವರೆಗೂ ಕೇಳಿದ. “ಅದೆಲ್ಲ ಸರಿ ಅಣ್ಣ, ಆದ್ರೆ ಬಂಡೆ ಹತ್ತೋ ಸೀನ್ ಇಲ್ದೇ ಇದ್ದಿದ್ರೆ ಯಾರ್ ನೋಡ್ತಿದ್ರು?” ಅಂದ. ಅವನು ಮತ್ತೆ ಸಿಡಿಎಸ್‌ಗೆ ಕಟ್ಟಿದ್ದಾನೆ. ಚಿಕ್ಕಪ್ಪನಿಗೆ ಇನ್ನೂ ಹೇಳಿಲ್ಲವಂತೆ.